ಹನ್ನೆರಡು ನಂಬರಿನ ಸಣ್ಣ ತೂತು

ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಓಣಿಯ ಮಗ್ಗಗಳು ಮತ್ತೆ ಸುರುವಾದವು. ನನ್ನ ಗಂಡ ಕಲ್ಮೇಶನ ಮಣ್ಣಾದ ದಿನದಿಂದ ಎಡಬಲದ ಮನೆಯವರು ಮಗ್ಗ ನಿಲ್ಲಿಸಿದ್ದರು. ಬನಹಟ್ಟಿಯಲ್ಲಿ ಒಬ್ಬ ಮನುಷ್ಯನಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ತೋರಿಸಲು ಬರುವುದಿಲ್ಲ. ಅಂದು ಖಟಕ್ ಖಟಕ್ ಸದ್ದಿಗೆ ಎಚ್ಚರವಾದಾಗ ಎಲ್ಲವೂ ಎಂದಿನಂತೆಯೇ ಇತ್ತು. ಗೂಡಿನಲ್ಲಿಟ್ಟ ಲೋಟಗಳು ನಡುಗುತ್ತಿದ್ದವು. ಗೋಡೆಯ ಕನ್ನಡಿ ಅಲುಗುತ್ತಿತ್ತು. ಅತ್ತೆ ಶಿವವ್ವ ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಮೊದಲು ಬಂದವರು ಹಿಂದಿನ ಮನೆಯ ಅಮಸಿದ್ದಪ್ಪ. ಗಲಗಲಿ ಕಡೆಯವರು. ಹೊಲ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಇಲ್ಲಿಗೆ ಬಂದು, ಮನೆಗಳಿಗೆ ಪೈಪು, ಫ್ಯಾನು, ಬಾಗಿಲು ಕೂರಿಸುವ ಕೆಲಸ ಹಿಡಿದವರು. ಹೊಸ್ತಿಲ ಹೊರಗೆ ಕೂತು ಕೇಳಿದರು.

"ಯವ್ವಾ, ಆರಾಮ ಅದಿಯೇನು?"

ಕೇಳಿದ ಮೇಲೆ, ಇದು ಕೇಳುವ ಮಾತಲ್ಲ ಎಂದು ಅವರಿಗೇ ಹೊಳೆಯಿತು.

"ಅಂದ್ರ ಹಂಗಲ್ಲವಾ. ನಳದಾಗ ನೀರು ಬಂದಿದ್ವೇನು ಅಂತ ಕೇಳಿದೆ."

"ಬಂದಿದ್ವು ಅಣ್ಣಾರ."

"ಛಲೋ ಆತು. ನೀರು ಬಂದ್ರ ಅರ್ಧಾ ಕೆಲಸ ಆದಂಗ."

ಇಷ್ಟು ಹೇಳಿ ಅವರು ನಮ್ಮ ಮಂಚದ ಕೆಳಗೆ ನೋಡಿದರು. ಅಲ್ಲಿ ಅವರ ಡ್ರಿಲ್ ಮಷೀನಿನ ಪೆಟ್ಟಿಗೆ ಇತ್ತು. ಹಿಂದಿನ ಗೋಡೆಯ ಆಚೆಯಿಂದ ಅವರ ಹೆಂಡತಿ ಭಾಗವ್ವನ ದನಿ ಬಂತು.

"ಕೇಳಿದ್ರೇನು?"

"ನೀರು ಬಂದಾವಂತ!" ಎಂದು ಅಮಸಿದ್ದಪ್ಪ ಕೂಗಿದರು.

ಈ ಪೆಟ್ಟಿಗೆಯ ಬಗ್ಗೆ ಸ್ವಲ್ಪ ಹೇಳಬೇಕು. ಯುಗಾದಿಗೆ ಮೊದಲು ಕಲ್ಮೇಶ ಅದನ್ನು "ಎರಡ ದಿನಕ್ಕ ಕೊಡ್ರಿ ಅಣ್ಣಾ" ಎಂದು ತಂದದ್ದು. ಈಗ ದಸರಾ ಮುಗಿದಿತ್ತು. ನಡುವೆ ತಮಗೆ ಕೆಲಸ ಬಂದಾಗಲೆಲ್ಲ ಅಮಸಿದ್ದಪ್ಪ ಬಂದು, "ಕಲ್ಮೇಶ, ನಿನ್ನ ಮಿಶಿನ್ ಸಂಜೀತನಾ ಕೊಡೋ" ಎಂದು ತಮ್ಮದನ್ನೇ ಕೇಳಿ ಒಯ್ಯುತ್ತಿದ್ದರು. ಸಂಜೆ ಪ್ರಾಮಾಣಿಕವಾಗಿ ಹಿಂದಿರುಗಿಸುತ್ತಿದ್ದರು. ಎರಡು ದಿನದಲ್ಲಿ ಪೈಪು ರಿಪೇರಿ ಆಗುತ್ತದೆ ಎಂದು ಪುರಸಭೆಯವನು ಹೇಳಿದರೆ ಓಣಿಯ ಹೆಂಗಸರು, "ಖರೇ ಎರಡ ದಿನೋ, ಕಲ್ಮೇಶನ ಎರಡ ದಿನೋ?" ಎಂದು ಕೇಳುತ್ತಿದ್ದರು. ಹೀಗೆ ನನ್ನ ಗಂಡ ಊರಿಗೊಂದು ಅಳತೆ ಕೊಟ್ಟು ಹೋಗಿದ್ದ.

ನಾನು ಬಗ್ಗಿ ಪೆಟ್ಟಿಗೆ ಎಳೆದೆ. ಅಷ್ಟರಲ್ಲಿ ಒಳಗಿಂದ ತಾರವ್ವ ಬಂದರು. ಮಾವನ ತಂಗಿ, ಮುಧೋಳದವರು. ನೆಂಟರೆಲ್ಲ ಹೋದರೂ, ಹೋದವರು ಏನೇನು ಮರೆತರು ಎಂದು ನೋಡಿಕೊಳ್ಳಲು ಉಳಿದವರು.

"ತಡಿ. ಕೊಡೂಕಿಂತ ಮೊದಲ ಒಂದ ತೂತು ಹೊಡಸು. ಜಮಖಂಡಿಯಿಂದ ಕಟ್ಟು ಹಾಕಿಸಿಕೊಂಡು ಬಂದ ಫೋಟೊ ಚೀಲದ ಮ್ಯಾಲೆ ಬಿದ್ದೈತಿ. ಹ್ವಾದವರನ್ನ ಹಂಗ ಕೆಳಗ ಇಡತಾರೇನ?"

ಅಮಸಿದ್ದಪ್ಪನ ಮುಖ ಅರಳಿತು. "ನಾನೇ ಹೊಡದ ಕೊಡ್ತೇನಿ ಅಕ್ಕಾರ. ಒಂದ ತೂತು, ಅದರಾಗ ಸ್ಕ್ರೂ ಹಿಡಿಯಾಕ ಒಂದ ಪ್ಲಾಸ್ಟಿಕ್ ಗಿಟ್ಟಿ, ಒಂದ ಸ್ಕ್ರೂ. ಚಾ ಆರೂದ್ರಾಗ ಮುಗೀತೈತಿ."

"ಗಿಟ್ಟಿ ಬ್ಯಾಡ."

ಮಾವ ಶಿದ್ರಾಮಪ್ಪ ಬಾಗಿಲಲ್ಲಿ ನಿಂತಿದ್ದರು. ಮಗ ಹೋದ ಮೇಲೆ ಅವರು ಆಡಿದ ಮೊದಲ ಗಟ್ಟಿ ಮಾತು ಇದು.

"ಅವ ಸಾಂಗ್ಲಿಯಿಂದ ತಂದಿದ್ನಲ್ಲ, ಆ ಸ್ಕ್ರೂ ಹಾಕೂಣು. ಗಿಟ್ಟಿ ಇಲ್ದ ಹಿಡಿಯು ಸ್ಕ್ರೂ."

ಆ ಸ್ಕ್ರೂಗಳ ಮರ್ಯಾದೆ ಓಣಿಯಲ್ಲಿ ಹೋಗಿ ಆಗಲೇ ತಿಂಗಳುಗಳಾಗಿದ್ದವು.

ಕಲ್ಮೇಶ ಮಗ್ಗದ ಸಾಮಾನಿಗೆಂದು ಸಾಂಗ್ಲಿಗೆ ಹೋದವನು ಅಲ್ಲೊಂದು ಮಷೀನುಗಳ ಪ್ರದರ್ಶನ ನೋಡಿದ್ದ. ಒಬ್ಬ ಮನುಷ್ಯ ಕಾಂಕ್ರೀಟಿನಲ್ಲಿ ತೂತು ಹೊಡೆದು, ಗಿಟ್ಟಿ ಹಾಕದೆ ನೇರ ಸ್ಕ್ರೂ ತಿರುಗಿಸಿ, ಅದಕ್ಕೆ ಹಗ್ಗ ಕಟ್ಟಿ ತಾನೇ ಜೋತುಬಿದ್ದನಂತೆ. ಕಲ್ಮೇಶ ಆ ಸ್ಕ್ರೂಗಳನ್ನು ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದ. ಧಾರವಾಡದಲ್ಲಿ ಎಂ.ಎ. ಓದಿದ ನನ್ನ ಜೊತೆ ಬಂದ ಪುಸ್ತಕಗಳು ಮದುವೆಯಾದಾಗಿನಿಂದ ಸಕ್ಕರೆ ಚೀಲದಲ್ಲಿದ್ದವು. ಅವಕ್ಕೊಂದು ಹಲಗೆ ಕೂರಿಸಬೇಕು ಎಂಬುದು ಅವನ ಯೋಜನೆ. ನಮ್ಮದು ಕಲ್ಲು ಮಣ್ಣಿನ ಗೋಡೆ, ಮೊಳೆ ನಿಲ್ಲುವುದಿಲ್ಲ. ಬಾಗಿಲ ಮೇಲೆ ಉದ್ದಕ್ಕೆ ಹಾಯ್ದ ಕಾಂಕ್ರೀಟ್ ಪಟ್ಟಿ ಒಂದೇ ಗಟ್ಟಿ. ಅಷ್ಟು ಎತ್ತರ ನನ್ನ ಕೈಗೆ ಸಿಗುವುದಿಲ್ಲ ಎಂದೆ. "ಎತ್ತರದಾಗ ಇದ್ರ ಪುಸ್ತಕಕ್ಕ ಗೌರವ" ಎಂದಿದ್ದ.

ಸಾಂಗ್ಲಿಯವನು ಒಂದು ಮಾತು ಹೇಳಿ ಕಳಿಸಿದ್ದ. ಮಷೀನಿನ ಮೂತಿಗೆ ಸಿಕ್ಕಿಸಿ ತೂತು ಹೊಡೆಯುವ ಬಿಟ್ಟು ಸ್ಕ್ರೂಗಿಂತ ತುಸು ಸಣ್ಣದಿರಬೇಕು, ದಪ್ಪ ಬಿಟ್ಟು ಹಾಕಿದರೆ ಹಿಡಿಯುವುದಿಲ್ಲ. ಕಲ್ಮೇಶ ಈ ಮಾತನ್ನು ಮಂತ್ರದ ಹಾಗೆ ಓಣಿಗೆಲ್ಲ ಹೇಳಿದ. ಸ್ಕ್ರೂ ತಲೆಯ ಮೇಲೆ ಏಳೂವರೆ ಎಂದು ಅಚ್ಚಾಗಿತ್ತು. ಅವನು ಎಂಟು ನಂಬರಿನ ಬಿಟ್ಟು ತಂದು ಹೊಡೆದ. ಸ್ಕ್ರೂ ಸಡಿಲಾಗಿ ಉದುರಿತು. ಹತ್ತು ತಂದ. ಉದುರಿತು. ಹನ್ನೆರಡು ತಂದ. ಈ ಸಲ ಸ್ಕ್ರೂ ಒಳಗೇ ಹೋಗಿ ಮಲಗಿತು, ಕಡ್ಡಿ ಹಾಕಿ ತೆಗೆಯಬೇಕಾಯಿತು. ಪಟ್ಟಿಯ ಮೇಲೆ ತೂತುಗಳು ಸಾಲಾಗಿ ದೊಡ್ಡವಾಗುತ್ತ ಹೋಗಿದ್ದವು. ಕಾಂಕ್ರೀಟು ಉದುರಿ ಹಾಗಾಗಿದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದೆವು.

"ಗುಬ್ಬಿ ಗೂಡು ಕಟ್ಟತಾವ ನೋಡ ಇನ್ನ" ಎಂದಿದ್ದಳು ಭಾಗವ್ವ.

ಓಣಿಯ ನೇಕಾರರು ಕಟ್ಟೆಗೆ ಕೂತು ತೀರ್ಪು ಕೊಟ್ಟರು. "ಹನ್ನೆರಡು ಹಾಕಿದ್ರೂ ಹಿಡಿಯವಲ್ದು ಅಂದ್ರ ಸ್ಕ್ರೂನ ಖೊಟ್ಟಿ. ಸಾಂಗ್ಲಿಯವ ಕಲ್ಮೇಶಗ ಟೊಪ್ಪಿಗಿ ಹಾಕ್ಯಾನ." ಅಂದಿನಿಂದ ಯಾರಾದರೂ ಮೋಸ ಹೋದರೆ ಅವರಿಗೆ ಸಾಂಗ್ಲಿ ಆಯಿತು ಎನ್ನುತ್ತಿದ್ದರು. ಕಲ್ಮೇಶ ಮಾತ್ರ ನಂಬಿಕೆ ಬಿಡಲಿಲ್ಲ. ಹದಿನಾಲ್ಕು ನಂಬರು ಬಿಜಾಪುರದಲ್ಲಿ ಸಿಗುತ್ತದೆ, ತರುತ್ತೇನೆ ಎನ್ನುತ್ತಿದ್ದ. ಎದೆನೋವು ಎಂದವನು ಜಮಖಂಡಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋದ.

"ಅಣ್ಣಾ, ಆ ಖೊಟ್ಟಿ ಸ್ಕ್ರೂಕ್ಕ ಅವನ ಫೋಟೊನೂ ಜೋತು ಹಾಕತೀಯೇನು?" ಎಂದರು ತಾರವ್ವ.

"ಖೊಟ್ಟಿ ಅಲ್ಲ ಅವು," ಎಂದರು ಮಾವ. "ನನ್ನ ಮಗ ಮೋಸ ಹೋಗಿರಲಿಲ್ಲ. ಅವ ತಂದಿದ್ದ ಬಿಟ್ಟು ಸವದಿರಬೇಕು. ಹೊಸಾ ಎಂಟು ತರೂಣು. ಅವನ ಸ್ಕ್ರೂಕ್ಕ ಅವನ ಫೋಟೊ ನಿಲ್ಲಬೇಕು. ಓಣಿ ನೋಡಬೇಕು."

ಅಮಸಿದ್ದಪ್ಪನ ಜೇಬಿನಲ್ಲಿ ಮೊಬೈಲು ರಿಂಗಾಯಿತು. ಬಾಡಗಂಡಿ ಕಡೆ ಒಬ್ಬ ಗುತ್ತಿಗೆದಾರ, ಮನೆಗಳಿಗೆ ಪೈಪು ಹಿಡಿಸಲು ಕರೆಯುತ್ತಿದ್ದ. ಅಮಸಿದ್ದಪ್ಪ ನನ್ನ ಮುಖ ನೋಡಿ, "ನಾಳಿ ಬರ್ತೇನ್ರಿ, ಇಲ್ಲೆ ಒಂದ ದೊಡ್ಡ ಕೆಲಸ ಐತಿ" ಎಂದು ಇಟ್ಟರು.

ಮಾವ ಸ್ಕ್ರೂ ಹಿಡಿದುಕೊಂಡು ನನ್ನನ್ನೂ ಪೇಟೆಗೆ ಕರೆದರು. "ಗಂಡ ಹೋದಾಕಿ ಇಷ್ಟ ಲಗೂ ಪ್ಯಾಟಿಗೆ?" ಎಂದು ತಾರವ್ವ ತಡೆದರು. "ನನಗ ಸಣ್ಣ ಅಕ್ಷರ ಕಾಣಂಗಿಲ್ಲ. ಓದಾಕ ಒಬ್ರು ಬೇಕು" ಎಂದರು ಮಾವ. ಆ ಸ್ಕ್ರೂವಿನ ಮೇಲೆ ಓದಲು ಇದ್ದದ್ದು ಏಳೂವರೆ ಎಂಬ ಅಂಕಿ ಮಾತ್ರ. ನಾನು ಚಪ್ಪಲಿ ಮೆಟ್ಟಿದೆ.

ಕಾಶಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ನಾವು ಕಾಲಿಟ್ಟ ಕೂಡಲೇ ಗಿರಾಕಿಗಳೆಲ್ಲ ಎದ್ದು ನಿಂತರು. ತಗಡು ಕೇಳಲು ಬಂದವನೊಬ್ಬ ತಗಡು ಬೇಡ ಎಂದು ಹೊರಟೇ ಹೋದ. ಕಾಶಪ್ಪ ಎರಡು ಕುರ್ಚಿ ಒರೆಸಿದ, ಚಹಾ ಹೇಳಿದ, ಫ್ಯಾನು ಹಾಕಿದ. ಅದು ತಿರುಗಲಿಲ್ಲ, ಆದರೂ ಅದರ ಕೆಳಗೆ ಕೂರಿಸಿದ.

"ಕಾಶಪ್ಪಾ, ಒಂದು ಬಿಟ್ಟು ಬೇಕು. ಕಾಂಕ್ರೀಟಿಂದು. ಈ ಸ್ಕ್ರೂಕ್ಕ, ಗಿಟ್ಟಿ ಇಲ್ದ."

ಕಾಶಪ್ಪ ಸ್ಕ್ರೂ ನೋಡಿದ. "ಗಿಟ್ಟಿ ಇಲ್ದ ಅಂದ್ರ ಮಾಸ್ತರ, ಆರು..."

"ಆರು ದಪ್ಪ ಆಕ್ಕೈತಿ. ಏಳೂವರಿಗಿಂತ ಸಣ್ಣದು ಬೇಕು. ಎಂಟು ಕೊಡು."

ಕಾಶಪ್ಪ ಬಾಯಿ ತೆರೆದ. ಮಾವನ ಮುಖ ನೋಡಿದ. ನನ್ನ ಕಡೆ ನೋಡಿದ. ಬಾಯಿ ಮುಚ್ಚಿದ. ನನ್ನ ಮಾವನನ್ನು ಊರು ಮಾಸ್ತರ ಎನ್ನುತ್ತದೆ. ನೇಕಾರರ ಸೊಸೈಟಿಯಲ್ಲಿ ಜೀವಮಾನವಿಡೀ ನೂಲು ಪರೀಕ್ಷೆ ಮಾಡಿದವರು. ನಂಬರಿನ ವಿಷಯದಲ್ಲಿ ಅವರಿಗೆ ಎದುರಾಡಿದವರಿಲ್ಲ. ಅದರ ಮೇಲೆ ಮಗ ಹೋದ ಮನುಷ್ಯ.

"ಹೌದ್ರಿ," ಎಂದ ಕಾಶಪ್ಪ, "ಆರು ಭಾಳ ದಪ್ಪ ಆಕ್ಕೈತಿ."

"ಕಲ್ಮೇಶಗೂ ಎಂಟು ನೀನೇ ಕೊಟ್ಟಿದ್ದೇನು?"

"ಕೊಟ್ಟಿದ್ದೆ ಮಾಸ್ತರ. ಹತ್ತೂ ಕೊಟ್ಟಿದ್ದೆ. ಹನ್ನೆರಡೂ..." ಕಾಶಪ್ಪನ ದನಿ ಸಣ್ಣದಾಯಿತು. "ಗಿಟ್ಟಿ ಹಾಕ್ತಾನ ಅಂದ್ಕೊಂಡಿದ್ದೆ. ಕೇಳಬೇಕಾಗಿತ್ತು."

ಮಾವ ಅದನ್ನು ಸಂತಾಪದ ಮಾತೆಂದು ತಿಳಿದು ಅವನ ಭುಜ ತಟ್ಟಿದರು.

ನಾವು ಮರಳಿದಾಗ ನಮ್ಮ ಮನೆಯ ಮುಂದೆ ಓಣಿಯೇ ಸೇರಿತ್ತು. ಸತ್ತವರ ಮನೆಗೆ ಮಾತಾಡಿಸಲು ಬಂದೆವು ಎಂದು ಹೇಳಿಕೊಂಡರೂ ಎಲ್ಲರ ಕಣ್ಣು ಪಟ್ಟಿಯ ಮೇಲಿತ್ತು. ಊಟದ ಹೊತ್ತಾದ್ದರಿಂದ ಮಗ್ಗಗಳು ನಿಂತಿದ್ದವು. ಗಿಟ್ಟಿ ಇಲ್ಲದೆ ಸ್ಕ್ರೂ ಕೂರಿಸಿ ಗೊತ್ತಿಲ್ಲದ ಅಮಸಿದ್ದಪ್ಪ ಸ್ಟೂಲು ಹತ್ತಿ, ಹಳೆಯ ತೂತುಗಳಿಂದ ದೂರ, ಹೊಸ ಬಿಟ್ಟಿನಿಂದ ತೂತು ಹೊಡೆದರು. ಮನೆ ಬಿಳಿಯ ಧೂಳಾಯಿತು. ಮಾವ ತಾವೇ ಹತ್ತಿ ಸ್ಕ್ರೂ ಇಟ್ಟರು. ಅದು ಬೆರಳಿಗೇ ಒಳಗೆ ಹೋಯಿತು.

"ಎಷ್ಟ ಸಲೀಸ ಹೋತು ನೋಡ್ರಿ!" ಎಂದು ಯಾರೋ ಮೆಚ್ಚಿದರು.

"ಮಾಸ್ತರ ಕೈ ಅಂದ್ರ ಸುಮ್ನೇನ?"

ಫೋಟೊ ಏರಿತು. ತಾರವ್ವ ವಿಭೂತಿ ಹಚ್ಚಿ ಹೂ ಹಾಕಿದರು. ಮಾವ ಕೆಳಗಿಳಿದು ಜನರ ಕಡೆ ತಿರುಗಿದರು. "ಸಾಂಗ್ಲಿ ಸ್ಕ್ರೂ," ಎಂದರು.

ಆಗ ಊಟದ ಹೊತ್ತು ಮುಗಿದು ಎಡಬಲದ ಮಗ್ಗಗಳು ಸುರುವಾದವು.

ಮಗ್ಗವಿದ್ದ ಓಣಿಯಲ್ಲಿ ಸಡಿಲಾದ ವಸ್ತುವೆಲ್ಲ ನಡೆಯುತ್ತದೆ. ಲೋಟ ನಡೆಯುತ್ತದೆ, ಸ್ಟೂಲು ನಡೆಯುತ್ತದೆ. ಸ್ಕ್ರೂ ಸಹ ಖಟಕ್ಕಿಗೊಂದು ಹೆಜ್ಜೆ ಹೊರಗೆ ಬಂತು. ನಾವೆಲ್ಲ ನೋಡುತ್ತ ನಿಂತೆವು. ಹಿಡಿಯಬೇಕೆಂದು ಯಾರಿಗೂ ತೋಚಲಿಲ್ಲ. ಕಲ್ಮೇಶ ಒಂದು ಕಡೆ ವಾಲಿದ, ಗೋಡೆಗುಂಟ ಜಾರಿದ, ಕೆಳಗಿದ್ದ ನನ್ನ ಪುಸ್ತಕದ ಚೀಲಗಳ ಮೇಲೆ ಬಿದ್ದು ಅಂಗಾತ ಮಲಗಿದ. ಗಾಜು ಒಡೆಯಲಿಲ್ಲ. ಅವನು ನಗುತ್ತಲೇ ಇದ್ದ.

"ಇಲ್ಲೇ ಇರ್ತೇನಿ ಅನ್ನಾಕತ್ತಾನ," ಎಂದಳು ಭಾಗವ್ವ ಮೆಲ್ಲಗೆ.

ಅತ್ತೆ ಸೆರಗು ಬಾಯಿಗೆ ಒತ್ತಿ ಒಳಗೆ ಹೋದರು. ಜನ ಒಬ್ಬೊಬ್ಬರಾಗಿ ಕೆಮ್ಮಿದರು. ಅಮಸಿದ್ದಪ್ಪನ ಮೊಬೈಲು ಮತ್ತೆ ರಿಂಗಾಯಿತು, ಈ ಸಲ ಅವರು ಅದರ ಬಾಯಿ ಮುಚ್ಚಿ ಹಿಡಿದರು.

"ನಾ ಮೊದಲ ಹೇಳಿದ್ದೆ, ಖೊಟ್ಟಿ ಅಂತ," ಎಂದರು ತಾರವ್ವ. "ಒಂದ ಗಿಟ್ಟಿ ಬಡದ ಬಿಡ್ರಿ ಅತ್ಲಾಗ."

ಮಾವ ಕೇಳಿಸಿಕೊಳ್ಳಲಿಲ್ಲ. "ತೂತು ಇನ್ನೂ ದಪ್ಪ ಆತು. ಇನ್ನೊಂದು ನಂಬರ್ ಸಣ್ಣದು ಬೇಕು. ಕಾಶಪ್ಪನ ಕಡೆ ಹೋಗಿ ಹತ್ತು ತರ್ತೇನಿ."

"ಹತ್ತು ಮನ್ಯಾಗ ಐತ್ರಿ ಮಾವಾರ," ಎಂದೆ.

ಒಳಗೆ ಹೋಗಿ ಕಲ್ಮೇಶನ ಕಂಡಿಕೆ ಪೆಟ್ಟಿಗೆ ತಂದೆ. ನೂಲು ಸುತ್ತುವ ಖಾಲಿ ಕಂಡಿಕೆಗಳ ನಡುವೆ ಎಂಟು, ಹತ್ತು, ಹನ್ನೆರಡರ ಬಿಟ್ಟುಗಳಿದ್ದವು. ಅವನು ಅವನ್ನು ನಂಬರಿನ ಸಾಲಿನಲ್ಲಿ ಜೋಡಿಸಿದ್ದ. ಪಕ್ಕದಲ್ಲಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟ ಒಂದು. ಅದು ಮಷೀನಿನ ಜೊತೆ ಅಮಸಿದ್ದಪ್ಪ ಕೊಟ್ಟದ್ದು. ಪರರ ವಸ್ತು ಎಂದು ಜೋಪಾನ ಮಾಡಿದ್ದ, ಒಮ್ಮೆಯೂ ಬಳಸಿರಲಿಲ್ಲ. ಅದರ ಮೇಲೆ ಆರು ಎಂದಿತ್ತು.

ಮಾವ ಆ ಸಾಲು ನೋಡಿದರು.

"ಅವನೂ ಎಂಟಾದ ಮ್ಯಾಲೆನ ಹತ್ತು ತಂದಿದ್ನಲ್ಲ?"

"ಹೌದ್ರಿ. ಆಮ್ಯಾಲೆ ಹನ್ನೆರಡು."

"ಸರೀನ ತಂದಾನ," ಎಂದು ಅವರು ತಲೆ ಆಡಿಸಿದರು. ದನಿಯಲ್ಲಿ ಹೆಮ್ಮೆ ಇತ್ತು. "ನಲವತ್ತಕಿಂತ ಅರವತ್ತರ ನೂಲು ಸಣ್ಣ. ಅರವತ್ತಕಿಂತ ಎಂಬತ್ತು ಸಣ್ಣ. ನೂರು ಅಂದ್ರ ಕೂದಲ. ನಂಬರ್ ಏರಿದಂಗ ಎಳಿ ಸಣ್ಣ ಆಗೂದು. ಸಣ್ಣಾಂವ ಇದ್ದಾಗ ತೊಡಿ ಮ್ಯಾಲೆ ಕುಂದ್ರಿಸಿಕೊಂಡು ಕಲಿಸೇನಿ. ಕಣ್ಣು ಮೋಸ ಮಾಡತೈತಿ, ನಂಬರ್ ಮೋಸ ಮಾಡಂಗಿಲ್ಲ ಅಂತ."

ಹೊರಗೆ ನಿಂತ ನೇಕಾರರೆಲ್ಲ ಹೌದು ಹೌದು ಎಂದು ತಲೆದೂಗಿದರು. ಹನ್ನೆರಡು ನಂಬರಿನ ತೂತನ್ನು ಒಂದು ಇಡೀ ಓಣಿ ಯಾಕೆ ಸಣ್ಣದೆಂದು ನಂಬಿತ್ತು ಎಂಬುದು ನನಗೆ ಆಗ ತಿಳಿಯಿತು. ನಾನು ಬೀಳಗಿಯ ಸಾಲಿ ಮಾಸ್ತರನ ಮಗಳು. ನೂಲಿನ ನಂಬರು ನನಗೆ ಯಾರೂ ಕಲಿಸಿರಲಿಲ್ಲ.

ಹೇಗೆ ಹೇಳುವುದು? ಅಷ್ಟು ಜನರ ಮುಂದೆ, ಆ ಮುಖಕ್ಕೆ? ನಾನು ಬಿಟ್ಟುಗಳನ್ನು ಅವರ ಅಂಗೈ ಮೇಲೆ ಇಟ್ಟೆ.

"ಮಾವಾರ, ಕಣ್ಣು ಬ್ಯಾಡ್ರಿ. ನೂಲು ನೋಡಿದಂಗ ಬೆರಳಿಲೆ ನೋಡ್ರಿ."

ಅವರು ಕಣ್ಣು ಮುಚ್ಚಿದರು. ಎಂಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿದರು. ಹತ್ತನ್ನು ಹೊರಳಿಸಿದರು. ಹನ್ನೆರಡಕ್ಕೆ ಬಂದಾಗ ಬೆರಳು ನಿಂತವು. ಮತ್ತೆ ಎಂಟಕ್ಕೆ ಹೋದರು. ಕೊನೆಗೆ ಎಣ್ಣೆ ಬಟ್ಟೆಯ ಆರನ್ನು ಮುಟ್ಟಿದರು.

"ಇದು ಸಣ್ಣ ಐತಲ್ಲವಾ."

"ಹೌದ್ರಿ."

"ಕಬ್ಬಿಣದಾಗ ಉಲ್ಟಾ ಏನು?"

"ಉಲ್ಟಾ ರೀ."

ಅವರು ಕಣ್ಣು ತೆರೆಯಲಿಲ್ಲ. ಆರನ್ನು ಬೆರಳಲ್ಲೇ ಹಿಡಿದು, "ನಾ ಕಲಿಸಿದ್ದನ್ನ ಅವ ಕೊನೀತನಾ ಬಿಡಲಿಲ್ಲ ನೋಡು," ಎಂದರು. ಹೊರಗಿನ ನೇಕಾರರು ತಮ್ಮ ತಮ್ಮ ಕಾಲು ನೋಡಿಕೊಂಡರು. ಅವರಲ್ಲಿ ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ಹನ್ನೆರಡಕ್ಕೆ ಸೈ ಎಂದವನೇ.

ಆಮೇಲೆ ಮಾವ ಎದ್ದರು. "ಅಮಸಿದ್ದಾ, ಆರು ಹಾಕು."

ಆರು ಹಾಕಿ ಹೊಡೆದರು. ಮಾವ ಖಾಲಿ ಕಂಡಿಕೆಯೊಂದನ್ನು ತೂತಿಗೆ ಹಿಡಿದು ಊದಿ ಒಳಗಿನ ಧೂಳು ತೆಗೆದರು. ಈ ಸಲ ಸ್ಕ್ರೂ ಬೆರಳಿಗೆ ಹೋಗಲಿಲ್ಲ. ಪಾನಾ ಹಾಕಿ ತಿರುಗಿಸಬೇಕಾಯಿತು. ಅದು ಕಿರ್ರೆಂದು ಕಾಂಕ್ರೀಟು ಕಚ್ಚುತ್ತ, ಬಹಳ ಇಷ್ಟವಿಲ್ಲದಂತೆ ಒಳಗೆ ಹೋಯಿತು. ಅಮಸಿದ್ದಪ್ಪ ಹಿಡಿದು ಜಗ್ಗಿದರು. ಅಲುಗಲಿಲ್ಲ. ಜೋತುಬಿದ್ದರು. ಸ್ಟೂಲು ಜಾರಿತು, ಅವರು ಗಾಳಿಯಲ್ಲಿ ಕಾಲಾಡಿಸಿದರು. ಸ್ಕ್ರೂ ಅಲುಗಲಿಲ್ಲ. ಮಗ್ಗಗಳು ಎರಡೂ ಕಡೆ ಬಡಿಯುತ್ತಲೇ ಇದ್ದವು.

"ಖೊಟ್ಟಿ ಅಲ್ಲ!" ಎಂದು ಅವರು ಅಲ್ಲಿಂದಲೇ ಕೂಗಿದರು. "ಯಾರರ ನನ್ನ ಇಳಸ್ರಿ!"

ಓಣಿ ನಕ್ಕಿತು. ಮಾವನೂ ನಕ್ಕರು. ಸತ್ತ ಮನೆ ಎಂಬುದು ಆಮೇಲೆ ನೆನಪಾಗಿ ಎಲ್ಲರೂ ಒಟ್ಟಿಗೆ ನಿಲ್ಲಿಸಿದರು.

ತಾರವ್ವ ಫೋಟೊ ಎತ್ತಿ ಒರೆಸಿದರು. "ಹಾಕ್ರಿ ಇನ್ನ."

"ತಡಿ," ಎಂದು ಮಾವ ನನ್ನ ಕಡೆ ತಿರುಗಿದರು. "ಮೊದಲ ಅವ ಹಿಡದ ಕೆಲಸ ಮುಗಸೂಣು. ಪ್ರೀತವ್ವಾ, ಹಲಗಿ ಎಲ್ಲೈತಿ?"

ಹಲಗೆ ಮಂಚದ ಹಿಂದೆ ಇತ್ತು. ಕಲ್ಮೇಶ ಉಜ್ಜಿ ಉಜ್ಜಿ ನುಣುಪು ಮಾಡಿ ಯುಗಾದಿಗೇ ತಯಾರಿಟ್ಟದ್ದು. ಸಂಜೆಯೊಳಗೆ ಅದು ಪಟ್ಟಿಯ ಮೇಲೆ ಕೂತಿತು. ಹಳೆಯ ತೂತುಗಳೆಲ್ಲ ಅದರ ಹಿಂದೆ ಹೋದವು. ನಾನು ಚೀಲ ಬಿಚ್ಚಿ ಪುಸ್ತಕ ಕೊಟ್ಟೆ, ಮಾವ ಸ್ಟೂಲಿನ ಮೇಲೆ ನಿಂತು ಜೋಡಿಸಿದರು. ಕೊನೆಯಲ್ಲಿ ಸ್ವಲ್ಪ ಜಾಗ ಬಿಟ್ಟು ಫೋಟೊವನ್ನು ಅಲ್ಲಿ ನಿಲ್ಲಿಸಿದರು. ಫೋಟೊ ನಿಲ್ಲಿಸುವುದಲ್ಲ, ಜೋತು ಹಾಕುವುದು ಎಂದರು ತಾರವ್ವ. ನನ್ನ ಕೈಗೆ ಒಂದು ಪುಸ್ತಕವೂ ಸಿಗುತ್ತಿರಲಿಲ್ಲ. ಅದು ಅವನು ಹೇಳಿದ ಎತ್ತರವೇ.

ಮಷೀನನ್ನು ಒರೆಸಿ, ಆರರ ಬಿಟ್ಟನ್ನು ಅದೇ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಅತ್ತೆ ಅಡುಗೆಮನೆಯಿಂದ ಬಂದರು.

"ಖಾಲಿ ಕೊಡಬ್ಯಾಡ. ಇಸಗೊಂಡದ್ದನ್ನ ಖಾಲಿ ಕೊಡಬಾರ್ದು."

"ಇದು ಪಾತ್ರಿ ಅಲ್ರಿ ಅತ್ಯಾರ."

"ಏನರ ಆಗಲಿ." ಅವರು ಒಂದು ಬೆಲ್ಲದ ಅಚ್ಚನ್ನು ಪೇಪರಿನಲ್ಲಿ ಸುತ್ತಿ ಮಷೀನಿನ ಪಕ್ಕದಲ್ಲಿ ಇಟ್ಟು ಮುಚ್ಚಳ ಹಾಕಿದರು.

ಅಮಸಿದ್ದಪ್ಪನ ಮನೆಯ ಅಂಗಳದಲ್ಲಿ ಭಾಗವ್ವ ಬೆಳಗಿನ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಪೆಟ್ಟಿಗೆ ಕೆಳಗಿಟ್ಟೆ. ಮುಂಜಾನೆಯಿಂದ ಅದಕ್ಕಾಗಿಯೇ ಸುತ್ತಿದ ಮನುಷ್ಯ ಈಗ ಎರಡು ಹೆಜ್ಜೆ ಹಿಂದೆ ಸರಿದರು.

"ಇಷ್ಟ ಗಡಿಬಿಡಿ ಏನಿತ್ತವಾ? ಇರಲಿ, ಇಟ್ಕೋರಿ. ನನಗ ಬೇಕಾದಾಗ ಬಂದು ಇಸಗೊಂಡು ಹೋಗ್ತೇನಿ, ಮೊದಲಿನಂಗ."

ಭಾಗವ್ವ ರೊಟ್ಟಿ ಬಿಟ್ಟು ಗಂಡನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅವರು ಎರಡ ದಿನಕ್ಕ ಅಂತ ಇಸಗೊಂಡಿದ್ರು ಅಣ್ಣಾರ," ಎಂದೆ. "ಎರಡ ದಿನ ಆದ್ವು."